“ಅದೆಂಥ ಚಟ ಮಾರಾಯ್ರೇ!”

ಹೋದ ತಿಂಗಳು ಬಂದವರು ಐವತ್ತರ ಹತ್ತಿರದ ಕೃಷಿಕರು. ಅಣ್ಣನಿಗೆ ಹಾರ್ಟ್ ಅಟ್ಯಾಕ್ ಆಗಿದ್ದು ನೋಡಿ ಹೆದರಿ ಫುಲ್ ಬಾಡಿ ಚೆಕಪ್ ಮಾಡಿಸಿದ್ದರು. ಕೈಯಲ್ಲಿ ದಪ್ಪ ಫೈಲು. ಥೈರಾಯ್ಡ್, ವಿಟಮಿನ್ ಎಲ್ಲ ಇತ್ತು.

“ಚಟ ಏನಾದ್ರೂ ಇದೆಯಾ?”

“ಎಂಥದೂ ಇಲ್ಲ ಡಾಕ್ಟ್ರೇ. ಬೀಡಿ ಮುಟ್ಟಿದವನಲ್ಲ.”

“ಕವಳ? ಎಲೆ-ಅಡಿಕೆ?”

“ಓ, ಅದಾ? ಅದೆಂಥ ಚಟ ಮಾರಾಯ್ರೇ!”

ದಿನಕ್ಕೆ ಎಂಟೋ ಹತ್ತೋ ಕವಳ, ಪ್ರತಿ ಸಲ ಹೊಗೆಸೊಪ್ಪಿನ ಚೂರು. ಬಾಯಿ ದೊಡ್ಡದಾಗಿ ತೆರೆದು, ಅವರದೇ ಮೂರು ಬೆರಳು ಒಂದರ ಮೇಲೊಂದಿಟ್ಟು ಒಳಗೆ ಹಾಕಲು ಹೇಳಿದೆ. ಎರಡು ಹೋಯಿತು, ಮೂರನೆಯದು ಹೋಗಲಿಲ್ಲ. ಪಕ್ಕದಲ್ಲಿದ್ದ ಹೆಂಡತಿ ಹೇಳಿದರು: “ಎರಡು ವರ್ಷದಿಂದ ಇವರಿಗೆ ಖಾರ ಹಾಕದ ಸಾರು ಬೇರೆ ಮಾಡ್ತಿದೀನಿ. ಬಾಯಿ ಉರಿಯುತ್ತಂತೆ.”

ಇಷ್ಟು ದಪ್ಪದ ಫೈಲಿನಲ್ಲಿ ಇದೊಂದು ಇರಲಿಲ್ಲ.

ಕೆನ್ನೆಯ ಒಳಪದರ ಹೀಗೆ ಬಿಗಿಯುವುದಕ್ಕೆ ಮುಖ್ಯ ಕಾರಣ ಅಡಿಕೆ. ತಂಬಾಕು ಬೇಕೆಂದೇ ಇಲ್ಲ. ಬಿಗಿದ ಮೇಲೆ ಪೂರ್ತಿ ಸಡಿಲವಾಗುವುದು ಅಪರೂಪ, ಕೆಲವರಲ್ಲಿ ಅದೇ ಜಾಗ ಮುಂದೆ ಕ್ಯಾನ್ಸರ್ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. ಇದನ್ನು ಬರೆಯುವಾಗ ನನಗೂ ಮುಜುಗರವೇ. ನಾನು ಓದಿದ ಫೀಸು ಅಡಿಕೆ ತೋಟದಿಂದಲೇ ಬಂದದ್ದು.

ಹೊಗೆಸೊಪ್ಪಿನ ಕೆಲಸ ಬಾಯಿಗೇ ಮುಗಿಯುವುದಿಲ್ಲ. ಅದರ ನಿಕೋಟಿನ್ ಕೆನ್ನೆಯಿಂದಲೇ ರಕ್ತಕ್ಕೆ ಇಳಿಯುತ್ತದೆ. ಎದೆಬಡಿತ ಏರುತ್ತದೆ, ಬಿಪಿ ಏರುತ್ತದೆ. ಹೊಗೆ ಬಿಡಲಿಲ್ಲ ಅಂದ ಮಾತ್ರಕ್ಕೆ ಹೃದಯ ಪಾರಾಗಲಿಲ್ಲ. ಇವರ ಬಿಪಿ 156/94. ಫೈಲಿನ ಮೊದಲ ಹಾಳೆಯಲ್ಲೇ ಇತ್ತು. ತಲೆನೋವಿಲ್ಲ, ಸುಸ್ತಿಲ್ಲ ಅಂತ ಯಾರೂ ಅದನ್ನು ಗಮನಿಸಿರಲಿಲ್ಲ.

2004ರಲ್ಲೇ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನ 52 ದೇಶಗಳಲ್ಲಿ ನಡೆದದ್ದು. ಮೊದಲ ಹಾರ್ಟ್ ಅಟ್ಯಾಕ್‌ಗಳಲ್ಲಿ ಸುಮಾರು ಶೇ. 90ರಷ್ಟಕ್ಕೆ ಒಂಬತ್ತೇ ಅಂಶಗಳು ಲೆಕ್ಕ ಕೊಡುತ್ತವೆ ಎಂದಿತು ಅದು. ಧೂಮಪಾನ, ಬಿಪಿ, ಸಕ್ಕರೆ ಕಾಯಿಲೆ, ಕೊಲೆಸ್ಟ್ರಾಲ್, ಹೊಟ್ಟೆಯ ಬೊಜ್ಜು ಎಲ್ಲ ಅದರಲ್ಲಿವೆ. ನಮ್ಮ ದಕ್ಷಿಣ ಏಷ್ಯಾದವರಿಗೆ ಮೊದಲ ಅಟ್ಯಾಕ್ ಸರಾಸರಿ 53ಕ್ಕೇ, ಬೇರೆಯವರಿಗಿಂತ ಸುಮಾರು ಆರು ವರ್ಷ ಮೊದಲು. ಹೊಟ್ಟೆ ಅಳೆಯಲು ಟೇಪು ಸಾಕು. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ದಾಟಬಾರದು. ಪ್ಯಾಂಟಿನ ಸೈಜು ಹೇಳಬೇಡಿ, ಪ್ಯಾಂಟನ್ನು ನಾವು ಹೊಟ್ಟೆಯ ಕೆಳಗೆ ಹಾಕುತ್ತೇವೆ ಅಲ್ವಾ!

ಉಪ್ಪು ದಿನಕ್ಕೆ ಒಂದು ಚಿಕ್ಕ ಚಮಚ, ಅಂದರೆ 5 ಗ್ರಾಂ ಒಳಗೆ. ಮಿಡಿ ಉಪ್ಪಿನಕಾಯಿ, ಹಪ್ಪಳ ಎಲ್ಲ ಸೇರಿಯೇ.

ಬಿಡುವುದು ಸುಲಭ ಅಂತ ಸುಮ್ನೆ ಹೇಳಲಾರೆ. ಮೊದಲ ಕೆಲವು ದಿನ ಕಿರಿಕಿರಿ, ನಿದ್ದೆ ಇಲ್ಲ. ಆದರೆ ಬೇಕೇ ಬೇಕು ಅನ್ನಿಸುವ ಒಂದೊಂದು ಗಳಿಗೆ ಕೆಲವೇ ನಿಮಿಷದ್ದು. ಅಷ್ಟು ಹೊತ್ತು ತೋಟಕ್ಕೆ ಹೋಗಿ, ನೀರು ಕುಡಿಯಿರಿ. ನಿಕೋಟಿನ್ ಗಮ್ ಇದೆ, ಆದರೆ ದವಡೆ ಬಿಗಿದವರಿಗೆ ಜಗಿಯುವುದು ಕಷ್ಟ. ಅವರಿಗೆ ಪ್ಯಾಚ್ ಬಗ್ಗೆ ವೈದ್ಯರನ್ನು ಕೇಳಬಹುದು. 1800-11-2356ಕ್ಕೆ ಫೋನ್ ಮಾಡಿದರೆ ತಂಬಾಕು ಬಿಡಲು ಉಚಿತ ಸಲಹೆ ಸಿಗುತ್ತದೆ.

ಇವರಿಗೆ ಬಿಪಿ ಮಾತ್ರೆ ಶುರುಮಾಡಿ, ಬಾಯಿ ತೋರಿಸಲು ದಂತವೈದ್ಯರಿಗೆ ಚೀಟಿ ಬರೆದೆ. ಮೊನ್ನೆ ಫೋನ್ ಬಂತು. ಹೊಗೆಸೊಪ್ಪು ಪೂರ್ತಿ ಬಿಟ್ಟಿದ್ದಾರಂತೆ. ಖುಷಿಯಾಯಿತು.

“ಈಗ ಬರೀ ಅಡಿಕೆ ಡಾಕ್ಟ್ರೇ.”

ಸೋಮವಾರ ಬರಲು ಹೇಳಿದ್ದೇನೆ.