ಮುಂದಿನ ಬ್ರೇಕ್ ಯಾವ ಕೈಗೆ?

ಹೊಸ ಸೈಕಲ್ ಜೋಡಿಸುವಾಗ, ಬ್ರೇಕ್ ಕೇಬಲ್ ಕತ್ತರಿಸುವ ಮೊದಲು, ನಾನು ಗ್ರಾಹಕರನ್ನು ಒಂದು ಪ್ರಶ್ನೆ ಕೇಳುತ್ತೇನೆ: ‘ನೀವು ದಿನಾ ಸ್ಕೂಟರ್ ಅಥವಾ ಬೈಕ್ ಓಡಿಸುತ್ತೀರಾ?’ ಸೈಕಲ್ ಕೊಳ್ಳಲು ಬಂದವರಿಗೆ ಇದು ಸಂಬಂಧವಿಲ್ಲದ ಮಾತೆನಿಸುತ್ತದೆ. ಆದರೆ ಮುಂದಿನ ಬ್ರೇಕಿನ ಲಿವರನ್ನು ಬಲಗಡೆ ಕೂರಿಸಬೇಕೋ ಎಡಗಡೆಯೋ ಎಂಬುದನ್ನು ನಾನು ಬಹುಮಟ್ಟಿಗೆ ಆ ಉತ್ತರದ ಮೇಲೆಯೇ ತೀರ್ಮಾನಿಸುತ್ತೇನೆ. ಗೇರು, ಸೀಟು, ಟಯರುಗಳ ಬಗ್ಗೆ ಗಂಟೆಗಟ್ಟಲೆ ವಿಚಾರಿಸುವವರು ಈ ಒಂದು ವಿಷಯವನ್ನು ಅಂಗಡಿಯವರಿಗೆ ಬಿಟ್ಟುಬಿಡುತ್ತಾರೆ. ಹಾಗೆ ಬಿಡಬಾರದು ಎಂಬುದು ನನ್ನ ಅನುಭವ.

ಸೈಕಲ್ಲನ್ನು ನಿಜವಾಗಿ ನಿಲ್ಲಿಸುವುದು ಮುಂದಿನ ಬ್ರೇಕು. ವೇಗ ಕಡಿಮೆಯಾಗುತ್ತಿದ್ದಂತೆ ಸವಾರನ ಭಾರವೆಲ್ಲ ಮುಂದಿನ ಚಕ್ರದ ಮೇಲೆ ವಾಲುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ. ಹಗುರಾದ ಚಕ್ರಕ್ಕೆ ನೆಲದ ಹಿಡಿತ ಸಿಗುವುದಿಲ್ಲವಾದ್ದರಿಂದ ಅದು ಬೇಗ ಲಾಕ್ ಆಗಿ ಜಾರುತ್ತದೆ. ಒಣ ಡಾಂಬರು ರಸ್ತೆಯಲ್ಲಿ ಮುಂದಿನ ಬ್ರೇಕನ್ನು ಸರಿಯಾಗಿ ಬಳಸಿದರೆ ಗುರುತ್ವ ವೇಗವರ್ಧನೆಯ ಸುಮಾರು ಅರ್ಧದಷ್ಟು ಪ್ರಮಾಣದಲ್ಲಿ ವೇಗವನ್ನು ತಗ್ಗಿಸಬಹುದು, ಹಿಂದಿನದೊಂದನ್ನೇ ನಂಬಿದರೆ ಅದರಲ್ಲಿ ಅರ್ಧ ಸಿಕ್ಕರೆ ಹೆಚ್ಚು. ಲೆಕ್ಕ ಹಾಕಿ ಹೇಳುವುದಾದರೆ, ಗಂಟೆಗೆ 25 ಕಿ.ಮೀ. ವೇಗದಲ್ಲಿ ಬರುತ್ತಿರುವವರು ಬ್ರೇಕ್ ಹಿಡಿದ ಮೇಲೆ ಮೊದಲನೆಯ ರೀತಿಯಲ್ಲಿ 5 ಮೀಟರಿನೊಳಗೆ ನಿಲ್ಲುತ್ತಾರೆ, ಎರಡನೆಯ ರೀತಿಯಲ್ಲಿ ಸುಮಾರು 10 ಮೀಟರು ಸಾಗುತ್ತಾರೆ. ಅಡ್ಡ ಬಂದ ಆಟೊಗೂ ನಮಗೂ ನಡುವೆ ಇರುವುದು ಎಷ್ಟೋ ಸಲ ಆ 5 ಮೀಟರು ಮಾತ್ರ.

‘ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಹೊಡೀತೀಯ’ ಎಂದು ನಮ್ಮ ಮನೆಗಳಲ್ಲಿ ಹಿರಿಯರು ಹೇಳುತ್ತಾ ಬಂದಿದ್ದಾರೆ. ಮಕ್ಕಳ ಸೈಕಲ್ಲಿನಲ್ಲಿ ಮುಂದಿನ ಬ್ರೇಕನ್ನು ಬಿಚ್ಚಿಸಿಕೊಂಡು ಹೋಗುವ ತಂದೆತಾಯಿಯರೂ ಇದ್ದಾರೆ. ಅವರ ಭಯ ಸುಳ್ಳಲ್ಲ, ಆದರೆ ಕಾರಣ ಬೇರೆ. ಲಿವರನ್ನು ಒಮ್ಮೆಲೇ ಪೂರ್ತಿ ಎಳೆದಾಗ, ತೋಳುಗಳು ಸಡಿಲವಾಗಿದ್ದರೆ, ಸೈಕಲ್ ನಿಂತರೂ ಮೈ ಮುಂದಕ್ಕೆ ನುಗ್ಗುತ್ತದೆ. ತೋಳನ್ನು ಬಿಗಿಮಾಡಿ, ಮೈಯನ್ನು ತುಸು ಹಿಂದಕ್ಕೆ ಸರಿಸಿ, ಲಿವರನ್ನು ಹಂತಹಂತವಾಗಿ ಒತ್ತುವುದನ್ನು ಖಾಲಿ ಮೈದಾನದಲ್ಲಿ ಒಂದು ಸಂಜೆ ಅಭ್ಯಾಸ ಮಾಡಿದರೆ ಸಾಕು. ಬ್ರೇಕನ್ನೇ ಕಿತ್ತುಹಾಕುವುದು ಆ ಭಯಕ್ಕೆ ಪರಿಹಾರವಲ್ಲ. ಎಡಬಲದ ಪ್ರಶ್ನೆ ಮುಖ್ಯವಾಗುವುದೂ ಇಲ್ಲಿಯೇ: ಹದವಾಗಿ ಒತ್ತಬೇಕಾದ ಲಿವರ್ ಯಾವುದೆಂದು ಕೈಗೆ ತಪ್ಪಿಲ್ಲದೆ ಗೊತ್ತಿರಬೇಕು.

ಜಗತ್ತಿನಲ್ಲಿ ಈ ಬಗ್ಗೆ ಒಮ್ಮತವಿಲ್ಲ. ಬ್ರಿಟನ್, ಜಪಾನ್, ಆಸ್ಟ್ರೇಲಿಯಾ ಮತ್ತು ನಮ್ಮ ದೇಶದಲ್ಲಿ ಮುಂದಿನ ಬ್ರೇಕ್ ಬಲಗೈಗೆ ಬರುವುದು ರೂಢಿ. ಅಮೆರಿಕ ಮತ್ತು ಯೂರೋಪಿನ ಬಹುಪಾಲು ದೇಶಗಳಲ್ಲಿ ಅದು ಎಡಗೈಗೆ. ಬ್ರಿಟನ್ನಿನ 2010ರ ಸೈಕಲ್ ಸುರಕ್ಷತಾ ನಿಯಮಗಳು ಹೊಸದಾಗಿ ಮಾರುವ ಸೈಕಲ್ಲಿನಲ್ಲಿ ಎಡ ಲಿವರು ಹಿಂದಿನ ಬ್ರೇಕಿಗೂ ಬಲ ಲಿವರು ಮುಂದಿನದಕ್ಕೂ ಸೇರಬೇಕೆನ್ನುತ್ತವೆ. ಅಮೆರಿಕದ ಗ್ರಾಹಕ ಸುರಕ್ಷತಾ ನಿಯಮ ಇದರ ತದ್ವಿರುದ್ಧ, ಆದರೆ ಗ್ರಾಹಕರು ಕೇಳಿದರೆ ಬದಲಿಸಿಕೊಡಲು ಅಲ್ಲಿ ಅವಕಾಶವಿದೆ. ಸೈಕಲ್ಲಿನ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್ಒ 4210 ಈ ವಿಷಯವನ್ನು ಆಯಾ ದೇಶದ ಕಾನೂನಿಗೆ ಅಥವಾ ರೂಢಿಗೆ ಬಿಟ್ಟು, ಯಾವ ಲಿವರು ಯಾವ ಬ್ರೇಕಿನದೆಂದು ಕೈಪಿಡಿಯಲ್ಲಿ ತಿಳಿಸಬೇಕೆಂದಷ್ಟೇ ತಯಾರಕರಿಗೆ ಹೇಳುತ್ತದೆ.

ಈ ಎರಡು ಪಂಗಡಗಳನ್ನು ನೋಡಿದರೆ ಒಂದು ಅಂಶ ಕಣ್ಣಿಗೆ ಬೀಳುತ್ತದೆ. ಮೊದಲ ಪಂಗಡದ ದೇಶಗಳಲ್ಲಿ ವಾಹನಗಳು ರಸ್ತೆಯ ಎಡಗಡೆ ಚಲಿಸುತ್ತವೆ, ಎರಡನೆಯದರಲ್ಲಿ ಬಲಗಡೆ. ಎಡಗಡೆ ಸಾಗುವ ನಮಗೆ ಅಪಾಯದ ತಿರುವೆಂದರೆ ಬಲ ತಿರುವು. ಎದುರಿನಿಂದ ಬರುವ ವಾಹನಗಳ ಸಾಲನ್ನು ದಾಟಿ ಹೋಗಬೇಕು, ಅದಕ್ಕಾಗಿ ಬಲಗೈ ಚಾಚಿ ಸೂಚನೆ ಕೊಡಬೇಕು. ಆಗ ಹ್ಯಾಂಡಲ್ ಮೇಲೆ ಉಳಿಯುವುದು ಎಡಗೈ ಒಂದೇ. ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದು ಮುಂದಿನ ಬ್ರೇಕನ್ನು ಒತ್ತಿದರೆ ಹ್ಯಾಂಡಲ್ ಪಕ್ಕಕ್ಕೆ ತಿರುಚಿಕೊಳ್ಳುತ್ತದೆ, ಮೈಯನ್ನು ತಡೆದುಕೊಳ್ಳಲು ಇನ್ನೊಂದು ತೋಳೂ ಇರುವುದಿಲ್ಲ. ಅದೇ ಹಿಂದಿನ ಬ್ರೇಕಾದರೆ ಹೆಚ್ಚೆಂದರೆ ಚಕ್ರ ಸ್ವಲ್ಪ ಜಾರೀತು. ಆದ್ದರಿಂದ ಸೂಚನೆ ಕೊಡುವ ಕೈಗೆ ಮುಂದಿನ ಬ್ರೇಕು, ಉಳಿಯುವ ಕೈಗೆ ಹಿಂದಿನದು ಎಂಬ ಏರ್ಪಾಡು ನಮ್ಮ ರಸ್ತೆಗೆ ಹೊಂದುತ್ತದೆ. ಇದನ್ನು ಬ್ರಿಟಿಷರು ಬಿಟ್ಟುಹೋದ ಅಭ್ಯಾಸವೆಂದು ತಳ್ಳಿಹಾಕುವವರು ಒಮ್ಮೆ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಕೈಚಾಚಿ ಬಲಕ್ಕೆ ತಿರುಗಿ ನೋಡಲಿ.

ಇನ್ನು ನನ್ನ ಮೊದಲ ಪ್ರಶ್ನೆಯ ವಿಚಾರ. ಮೋಟಾರ್ ಬೈಕಿನಲ್ಲಿ ಮುಂದಿನ ಬ್ರೇಕ್ ಬಲಗೈಯಲ್ಲಿರುತ್ತದೆ, ಎಡಗೈಯಲ್ಲಿ ಕ್ಲಚ್. ಗೇರಿಲ್ಲದ ಸ್ಕೂಟರಿನಲ್ಲಿ ಬಲ ಲಿವರು ಮುಂದಿನದು, ಎಡ ಲಿವರು ಹಿಂದಿನದು. 2019ರ ಏಪ್ರಿಲ್‌ನಿಂದ ನಮ್ಮಲ್ಲಿ 125 ಸಿಸಿವರೆಗಿನ ದ್ವಿಚಕ್ರ ವಾಹನಗಳಿಗೆ ಸಂಯೋಜಿತ ಬ್ರೇಕ್ ಅಥವಾ ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾದ ಮೇಲೆ, ಸಂಯೋಜಿತ ಬ್ರೇಕಿನ ಸ್ಕೂಟರುಗಳಲ್ಲಿ ಎಡ ಲಿವರು ಒತ್ತಿದರೆ ಹಿಂದಿನದರ ಜೊತೆಗೆ ಮುಂದಿನ ಬ್ರೇಕೂ ಸ್ವಲ್ಪ ಹಿಡಿಯುತ್ತದೆ. ಆದರೂ ಬಲ ಲಿವರು ಮುಂದಿನದೆಂಬುದು ಬದಲಾಗಿಲ್ಲ. ವಾರದಲ್ಲಿ ಆರು ದಿನ ಸ್ಕೂಟರಿನಲ್ಲಿ ಆಫೀಸಿಗೆ ಹೋಗಿ ಭಾನುವಾರ ಮಾತ್ರ ಸೈಕಲ್ ಹತ್ತುವವರ ಕೈ ಸ್ಕೂಟರಿನ ಪಾಠವನ್ನೇ ಕಲಿತಿರುತ್ತದೆ. ಗಾಬರಿಯಾದಾಗ ಯೋಚಿಸಲು ಸಮಯವಿರುವುದಿಲ್ಲ, ಕೈ ತಾನು ಕಲಿತದ್ದನ್ನು ಮಾಡಿಬಿಡುತ್ತದೆ.

ಜರ್ಮನಿಯಲ್ಲಿ ಕೆಲವು ವರ್ಷ ಕೆಲಸ ಮಾಡಿ ಊರಿಗೆ ಮರಳಿದ ಒಬ್ಬರು ಅಲ್ಲಿ ಕೊಂಡ ಸೈಕಲ್ಲನ್ನು ನನ್ನಲ್ಲಿಗೆ ತಂದಿದ್ದರು. ಮೊಣಕೈ ತರಚಿಹೋಗಿತ್ತು. ‘ಬ್ರೇಕ್ ಹಿಡೀತಿಲ್ಲ, ಒಮ್ಮೆ ನೋಡಿ ಸಾರ್’ ಎಂದರು. ನಂದಿ ಬೆಟ್ಟದಿಂದ ಇಳಿಯುವಾಗ ತಿರುವಿನಲ್ಲಿ ಮಂಗವೊಂದು ಅಡ್ಡ ಬಂದಿತ್ತು. ಅವರು ಬಲ ಲಿವರನ್ನು ಬಲವಾಗಿ ಎಳೆದಿದ್ದರು, ಹಿಂದಿನ ಚಕ್ರ ಲಾಕ್ ಆಗಿ ಸೈಕಲ್ ಅಡ್ಡಕ್ಕೆ ಜಾರಿತ್ತು. ಸೈಕಲ್ಲನ್ನು ಸ್ಟ್ಯಾಂಡಿಗೇರಿಸಿ ನೋಡಿದೆ. ಹಿಂದಿನ ಟಯರಿನ ಒಂದು ಕಡೆ ರಬ್ಬರು ಅಂಗೈ ಅಗಲದಷ್ಟು ಚಪ್ಪಟೆಯಾಗಿ ಸವೆದಿತ್ತು. ಮುಂದಿನ ಬ್ರೇಕ್ ಕಟ್ಟೆಗಳ, ಅಂದರೆ ರಿಮ್ಮನ್ನು ಒತ್ತುವ ರಬ್ಬರು ತುಂಡುಗಳ, ಗೀರುಗಳು ಹೊಸದರಂತೆ ಆಳವಾಗಿಯೇ ಉಳಿದಿದ್ದವು. ಬ್ರೇಕಿನಲ್ಲಿ ದೋಷವೇನೂ ಇರಲಿಲ್ಲ. ಅದು ಎಡಗೈಗೆ ಮುಂದಿನ ಬ್ರೇಕ್ ಇದ್ದ ಸೈಕಲ್, ಅವರು ಊರಿಗೆ ಬಂದ ಮೇಲೆ ಎರಡು ವರ್ಷ ದಿನಾ ಓಡಿಸಿದ್ದು ಸ್ಕೂಟರು. ಕೇಬಲ್‌ಗಳನ್ನು ಅದಲುಬದಲು ಮಾಡಿಕೊಟ್ಟೆ.

ನಾವು ಸೈಕಲ್ ಇಳಿಯುವ ರೀತಿಯೂ ಇದೇ ಏರ್ಪಾಡಿಗೆ ಒಪ್ಪುತ್ತದೆ. ಹಾಲಿನ ಕ್ಯಾನ್ ಕಟ್ಟಿಕೊಂಡು ಬರುವವರನ್ನು ಗಮನಿಸಿ: ಬಲಗಾಲನ್ನು ಎತ್ತಿ ಎಡಗಡೆಗೆ ಇಳಿದು, ಬಲಗೈಯಲ್ಲಿ ಸೀಟನ್ನೋ ಕ್ಯಾರಿಯರನ್ನೋ ಹಿಡಿದು, ಎಡಗೈಯಲ್ಲಿ ಹ್ಯಾಂಡಲ್ ಹಿಡಿದು ತಳ್ಳುತ್ತಾರೆ. ಇಳಿಜಾರಿನಲ್ಲಿ ಆ ಎಡಗೈಗೆ ಹಿಂದಿನ ಬ್ರೇಕ್ ಸಿಕ್ಕರೆ ಭಾರದ ಸೈಕಲ್ ನೆಟ್ಟಗೆ ನಿಲ್ಲುತ್ತದೆ. ಕೆಸರುಗದ್ದೆಯಂಥ ಹಾದಿಯಲ್ಲಿ ನಡೆಯುವ ಸೈಕ್ಲೊಕ್ರಾಸ್ ಸ್ಪರ್ಧೆಗಳಲ್ಲಿ ಸವಾರರು ಓಡುತ್ತಲೇ ಎಡಗಡೆಗೆ ಇಳಿದು ಸೈಕಲ್ಲನ್ನು ಎತ್ತಿಕೊಳ್ಳಬೇಕಾಗುತ್ತದೆ. ಎಡಗೈಯಲ್ಲಿ ಮುಂದಿನ ಬ್ರೇಕ್ ಇರುವ ದೇಶದವರೂ ಆ ಸ್ಪರ್ಧೆಗೆಂದು ಅದನ್ನು ಬಲಕ್ಕೆ ಬದಲಿಸಿಕೊಳ್ಳುವುದುಂಟು. ಹಳೆಯ ಕಪ್ಪು ಸೈಕಲ್ಲಿನ ಸರಳು ಬ್ರೇಕಿನಲ್ಲಂತೂ ಈ ಆಯ್ಕೆಯೇ ಇರಲಿಲ್ಲ. ಬಲಗಡೆಯ ಸರಳು ಮುಂದಿನ ಚಕ್ರಕ್ಕೆ ಇಳಿಯುವಂತೆ ಕಾರ್ಖಾನೆಯಲ್ಲೇ ಬಾಗಿಸಿರುತ್ತಿದ್ದರು. ಮಳೆಯಲ್ಲಿ ಆ ಉಕ್ಕಿನ ರಿಮ್ಮು ಒದ್ದೆಯಾದರೆ ಬ್ರೇಕ್ ಹಿಡಿಯುತ್ತಲೇ ಇರಲಿಲ್ಲ ಎಂಬುದನ್ನು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ.

ಹಾಗೆಂದು ನಾನು ಎಲ್ಲರ ಸೈಕಲ್ಲನ್ನೂ ಬಲಕ್ಕೆ ತಿರುಗಿಸುವುದಿಲ್ಲ. ಸ್ಕೂಟರ್ ಓಡಿಸದ, ಹದಿನೈದು ವರ್ಷ ಎಡಗೈಯ ಮುಂದಿನ ಬ್ರೇಕಿನಲ್ಲೇ ಸೈಕಲ್ ತುಳಿದವರಿಗೆ ಅದನ್ನು ಹಾಗೆಯೇ ಬಿಡಬೇಕು; ಕೈಗೆ ಮೈಗೂಡಿದ್ದನ್ನು ನಿಯಮದ ಹೆಸರಿನಲ್ಲಿ ಕೆಡಿಸಬಾರದು. ಬಲಗೈ ಮುರಿದು ಹಿಡಿತ ಕಡಿಮೆಯಾದವರಿಗೆ ಮುಂದಿನ ಬ್ರೇಕನ್ನು ಗಟ್ಟಿಯಾದ ಎಡಗೈಗೇ ಕೊಡುತ್ತೇನೆ. ಒಂದು ಕೈ ಬಳಸಲಾಗದವರಿಗೆ, ಒಂದೇ ಲಿವರಿನಿಂದ ಎರಡೂ ಕೇಬಲ್‌ಗಳನ್ನು ಎಳೆಯುವಂಥವು ಸಿಗುತ್ತವೆ. ಎಡಚರೆಂಬ ಒಂದೇ ಕಾರಣಕ್ಕೆ ಬದಲಿಸಬೇಕಾಗಿಲ್ಲ. ಆದರೆ ಒಂದು ಮನೆಯಲ್ಲಿ ಎರಡು ಸೈಕಲ್‌ಗಳಿದ್ದು ಇಬ್ಬರೂ ಎರಡನ್ನೂ ಹತ್ತುವುದಾದರೆ ಎರಡರಲ್ಲೂ ಒಂದೇ ರೀತಿ ಇರಬೇಕೆಂದು ನಾನು ಹಟ ಹಿಡಿಯುತ್ತೇನೆ.

ಬದಲಿಸುವ ಕೆಲಸ ಕೇಬಲ್ ಬ್ರೇಕಿನಲ್ಲಿ ಕಷ್ಟವಲ್ಲ. ಮೊದಲು ಮುಂದಿನ ಬ್ರೇಕಿನ ಯಾವ ಬದಿಯಿಂದ ಕೇಬಲ್ ಒಳಹೋಗುತ್ತದೆಂದು ನೋಡಿ. ಎದುರು ಬದಿಯ ಲಿವರಿನಿಂದ ಬಂದರೆ ಕೇಬಲ್ ದೊಡ್ಡ ಬಿಲ್ಲಿನಂತೆ ಸುಲಭವಾಗಿ ಬಾಗುತ್ತದೆ. ಅದೇ ಬದಿಯ ಲಿವರಿನಿಂದ ಬಂದರೆ ಬಿಗಿಯಾದ ತಿರುವು ಬಿದ್ದು ಲಿವರು ಗಟ್ಟಿಯಾಗುತ್ತದೆ, ಬಿಟ್ಟಾಗ ನಿಧಾನವಾಗಿ ಮರಳುತ್ತದೆ. ಹಾಗಾದಲ್ಲಿ ಹಳೆಯ ಔಟರನ್ನೇ (ಕೇಬಲಿನ ಹೊರ ಕೊಳವೆಯನ್ನೇ) ಬಗ್ಗಿಸಿ ಹೊಂದಿಸದೆ ಸರಿಯಾದ ಉದ್ದದ ಹೊಸ ಔಟರ್ ಕತ್ತರಿಸಿ ಹಾಕಬೇಕು. ಬಾಗಿದ ಹ್ಯಾಂಡಲ್ಲಿನ ರಸ್ತೆ ಸೈಕಲ್‌ಗಳಲ್ಲಿ ಗೇರೂ ಬ್ರೇಕೂ ಒಂದೇ ಲಿವರಿನಲ್ಲಿದ್ದರೂ, ಗೇರಿನ ಕೇಬಲ್ ಮುಟ್ಟದೆ ಬ್ರೇಕಿನ ಕೇಬಲ್‌ಗಳನ್ನಷ್ಟೇ ಅದಲುಬದಲು ಮಾಡಬಹುದು. ಚಪ್ಪಟೆ ಹ್ಯಾಂಡಲ್ಲಿನ ಲಿವರಿಗೆ ತಲೆ ದುಂಡು ಕಡ್ಡಿಯಂತಿರುವ ಇನ್ನರ್ (ಒಳಗಿನ ತಂತಿ) ಬೇಕು, ಬಾಗಿದ ಹ್ಯಾಂಡಲ್ಲಿನದಕ್ಕೆ ತಲೆ ಪೇರಳೆಯಂತಿರುವುದು. ಒಂದರ ಜಾಗದಲ್ಲಿ ಇನ್ನೊಂದನ್ನು ತುರುಕಿದರೆ ಬಿಚ್ಚಿಕೊಳ್ಳುವ ಅಪಾಯವಿದೆ.

ಹೈಡ್ರಾಲಿಕ್ ಡಿಸ್ಕ್ ಬ್ರೇಕಿನಲ್ಲಿ ಕೆಲಸ ದೊಡ್ಡದು. ಪೈಪು ಬಿಚ್ಚಿ, ಉದ್ದ ಸರಿಪಡಿಸಿ, ಎಣ್ಣೆ ತುಂಬಿ, ಗಾಳಿಗುಳ್ಳೆ ತೆಗೆಯಬೇಕು. ಕೆಲವು ಬ್ರೇಕುಗಳು ಮಿನರಲ್ ಎಣ್ಣೆಯಲ್ಲಿ, ಕೆಲವು ಡಾಟ್ ಎಂಬ ಬ್ರೇಕ್ ದ್ರವದಲ್ಲಿ ಕೆಲಸ ಮಾಡುತ್ತವೆ. ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಿದರೆ ಒಳಗಿನ ರಬ್ಬರ್ ಸೀಲುಗಳು ಹಾಳಾಗುತ್ತವೆ. ಇದನ್ನು ಮನೆಯಲ್ಲಿ ಮಾಡಲು ಹೊರಡಬೇಡಿ, ಮತ್ತು ಹೊಸ ಸೈಕಲ್ಲಾದರೆ ಕೊಳ್ಳುವ ದಿನವೇ ಅಂಗಡಿಯಲ್ಲಿ ಹೇಳಿ ಮಾಡಿಸಿಕೊಳ್ಳಿ.

ಬದಲಿಸಿದ ಮೇಲೆ ಹ್ಯಾಂಡಲ್ಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ನೋಡಿ. ಕೇಬಲ್ ಬಿಗಿದು ಬ್ರೇಕ್ ತಾನಾಗಿ ಹಿಡಿಯಬಾರದು. ನಂತರ ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ತಿರುಗಿಸಿ, ಬಲ ಲಿವರನ್ನು ಒತ್ತಿ, ನಿಂತ ಚಕ್ರ ಯಾವುದೆಂದು ಕಣ್ಣಾರೆ ಕಾಣಿ. ಮೊದಲ ಹತ್ತು ನಿಮಿಷ ಸೈಕಲ್ಲನ್ನು ಹತ್ತದೆ ಪಕ್ಕದಲ್ಲಿ ತಳ್ಳಿಕೊಂಡು ನಡೆಯುತ್ತಾ ಒಂದೊಂದೇ ಲಿವರನ್ನು ಒತ್ತಿ. ಮುಂದಿನದನ್ನು ಒತ್ತಿದಾಗ ಹಿಂದಿನ ಚಕ್ರ ನೆಲ ಬಿಟ್ಟು ಏಳಲು ನೋಡುತ್ತದೆ, ಹಿಂದಿನದನ್ನು ಒತ್ತಿದಾಗ ಅದು ನೆಲದ ಮೇಲೆ ಎಳೆದುಕೊಂಡು ಬರುತ್ತದೆ. ಆ ಎರಡು ಅನುಭವಗಳು ಅಂಗೈಗೆ ಗೊತ್ತಾಗುವವರೆಗೆ ಮನೆಯ ಮುಂದಿನ ರಸ್ತೆ ಬಿಟ್ಟು ಹೋಗಬೇಡಿ, ಮೊದಲ ವಾರ ಇಳಿಜಾರಿನ ದಾರಿ ಹಿಡಿಯಬೇಡಿ.