ಪಾಲಿಕೆಯ ಕಾನೂನು ವಿಭಾಗದಲ್ಲಿ ಇಂಟರ್ನ್‌ಶಿಪ್ ಮಾಡಿದರೆ ನಡೆಯುತ್ತದೆಯೇ?

ಪ್ರಶ್ನೆ: ಐದು ವರ್ಷದ ಕಾನೂನು ಪದವಿಯ ಮೂರನೇ ವರ್ಷದಲ್ಲಿದ್ದೇನೆ. ನಮ್ಮೂರ ಮಹಾನಗರ ಪಾಲಿಕೆಯ ಕಾನೂನು ವಿಭಾಗದಲ್ಲಿ ಇಂಟರ್ನ್‌ಶಿಪ್ ಮಾಡಿದರೆ ಲೆಕ್ಕಕ್ಕೆ ಬರುತ್ತದೆಯೇ? ಅಲ್ಲಿ ಬರೀ ಜೆರಾಕ್ಸ್ ಮಾಡಿಸುತ್ತಾರೆ ಅನ್ನುತ್ತಾರೆ, ನಿಜವೇ?

ಉತ್ತರ: ಲೆಕ್ಕಕ್ಕೆ ಬರುತ್ತದೆ. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳು ಸ್ಥಳೀಯ ಸಂಸ್ಥೆಗಳನ್ನು ಹೆಸರಿಸಿಯೇ ಹೇಳಿವೆ. ಐದು ವರ್ಷದ ಕೋರ್ಸಿಗೆ ಕನಿಷ್ಠ 20 ವಾರ, ಮೂರು ವರ್ಷದ್ದಕ್ಕೆ 12 ವಾರ ಬೇಕು. ಯಾವ ವರ್ಷದಲ್ಲೂ ಸತತವಾಗಿ ನಾಲ್ಕು ವಾರ ಮೀರುವಂತಿಲ್ಲ. ವಿಚಾರಣಾ ಮತ್ತು ಮೇಲ್ಮನವಿ ನ್ಯಾಯಾಲಯದ ವಕೀಲರ ಬಳಿ ಒಮ್ಮೆಯಾದರೂ ಇದ್ದಿರಬೇಕಾದ್ದರಿಂದ, ಪಾಲಿಕೆಯೊಂದನ್ನೇ ನೆಚ್ಚಿಕೊಂಡರೆ ಕೊನೆಯ ವರ್ಷ ಕಾಲೇಜಿನಲ್ಲಿ ತಕರಾರು ಬರುತ್ತದೆ.

ಪುರಸಭೆ, ಪಟ್ಟಣ ಪಂಚಾಯಿತಿಗಳಲ್ಲಿ ಸಾಮಾನ್ಯವಾಗಿ ಪ್ರತ್ಯೇಕ ಕಾನೂನು ವಿಭಾಗ ಇರುವುದಿಲ್ಲ. ಅಂಥ ಊರಿನವರು ಆ ಸಂಸ್ಥೆಯ ಪ್ಯಾನೆಲ್ ವಕೀಲರ, ಅಂದರೆ ಅದರ ಕೇಸು ನಡೆಸಲು ನೇಮಕವಾದ ಹೊರಗಿನ ವಕೀಲರ ಕಚೇರಿ ಸೇರಲಿ. ಕಡತಗಳು ಹೇಗೂ ಅಲ್ಲಿಗೇ ಬರುತ್ತವೆ, ವಕೀಲರ ಬಳಿ ಇರಬೇಕೆಂಬ ಷರತ್ತೂ ಮುಗಿಯುತ್ತದೆ.

ಅರ್ಜಿ ಪಾಲಿಕೆಯ ಆಯುಕ್ತರ ಹೆಸರಿಗೆ, ಅದರ ಒಂದು ನಕಲು ಕಾನೂನು ಅಧಿಕಾರಿಗೆ. ಪ್ರಾಂಶುಪಾಲರ ಪತ್ರ, ಗುರುತಿನ ಚೀಟಿಯ ಪ್ರತಿ, ಬೇಕಾದ ದಿನಾಂಕಗಳನ್ನು ಸೇರಿಸಿ ಆರು ವಾರ ಮುಂಚೆ ಪಾಲಿಕೆಯ ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮುದ್ರೆ ಇಲ್ಲದ ಅರ್ಜಿಯನ್ನು ಹುಡುಕಿಸುವುದು ದೇವರಿಗೇ ಪ್ರೀತಿ. ಬೆಂಗಳೂರಿನವರಿಗೆ ಇನ್ನೊಂದು ಮಾತು: 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಇಲ್ಲ, ಐದು ಪಾಲಿಕೆಗಳಿವೆ. ಯಾವುದಕ್ಕೆ ಅರ್ಜಿ ಎಂದು ಮೊದಲೇ ಖಚಿತ ಮಾಡಿಕೊಳ್ಳಿ. ಮೇ ತಿಂಗಳಲ್ಲಿ ಹೋದರೆ ಹೈಕೋರ್ಟಿಗೆ ಬೇಸಿಗೆ ರಜೆ. ಕಲಾಪ ನೋಡುವ ಆಸೆ ಇದ್ದವರು ಬೇರೆ ತಿಂಗಳು ಆರಿಸಿಕೊಳ್ಳಲಿ.

ಇನ್ನು ಜೆರಾಕ್ಸ್ ಮಾತು. ಮೊದಲ ವಾರ ಅದು ಅರ್ಧ ನಿಜ. ತಪ್ಪಿಸಿಕೊಳ್ಳುವ ದಾರಿ ಒಂದೇ: ಒಂದು ಕಡತ ಕೇಳಿ ತೆಗೆದುಕೊಂಡು ದಿನಾಂಕಗಳ ಪಟ್ಟಿ ಮಾಡುವುದು. ಅನಧಿಕೃತ ಕಟ್ಟಡದ ಪ್ರಕರಣವೇ ಇದಕ್ಕೆ ಒಳ್ಳೆಯದು. ಬೆಂಗಳೂರಿನ ಹೊರಗಿನ ಪಾಲಿಕೆಗಳಲ್ಲಿ 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆಯ ಸೆಕ್ಷನ್ 321(1)ರಡಿ ತಾತ್ಕಾಲಿಕ ಆದೇಶ, 321(2)ರಡಿ ಕಾರಣ ಕೇಳುವ ನೋಟಿಸ್, 321(3)ರಡಿ ಆ ಆದೇಶದ ದೃಢೀಕರಣ. ಪ್ರತಿಯೊಂದೂ ಯಾವತ್ತು ಸಹಿಯಾಯಿತು, ಯಾವತ್ತು ಯಾರ ಕೈಗೆ ಜಾರಿಯಾಯಿತು ಎಂದು ಎದುರುಬದುರು ಬರೆಯಿರಿ. ಪಾಲಿಕೆ ಸೋಲುವ ಜಾಗ ಅಲ್ಲಿ ಕಾಣುತ್ತದೆ. ಮಾಲೀಕನ ತೀರಿಕೊಂಡ ತಂದೆಯ ಹೆಸರಿಗೆ ನೋಟಿಸ್ ಹೋಗಿರುತ್ತದೆ. ಗೋಡೆಗೆ ಅಂಟಿಸಿದ್ದಕ್ಕೆ ಮಹಜರು ಇರುವುದಿಲ್ಲ. ಮಾಲೀಕ ಕೊಟ್ಟ ಉತ್ತರ ಕಡತದಲ್ಲೇ ಇದ್ದರೂ ಅದರ ಬಗ್ಗೆ ದೃಢೀಕರಣ ಆದೇಶದಲ್ಲಿ ಒಂದು ಸಾಲೂ ಇರುವುದಿಲ್ಲ. ಕಟ್ಟಡ ಅಕ್ರಮವೇ ಆಗಿದ್ದರೂ ಆದೇಶ ಬಿದ್ದುಹೋಗುವುದು ಹೀಗೆ.

ಎರಡನೆಯ ಕೆಲಸ ಕೇವಿಯಟ್ ವಹಿ. ತನ್ನ ಮಾತು ಕೇಳದೆ ಆದೇಶ ಮಾಡಬೇಡಿ ಎಂದು ಪಾಲಿಕೆ ಕೋರ್ಟಿಗೆ ಮೊದಲೇ ಕೊಡುವ ಅರ್ಜಿಯೇ ಕೇವಿಯಟ್. ಕೇವಿಯಟ್ ಬಾಳಿಕೆ 90 ದಿನ. ನವೀಕರಿಸಲು ಮರೆತರೆ ಪಾಲಿಕೆಗೆ ಗೊತ್ತಾಗುವ ಮೊದಲೇ ತಡೆಯಾಜ್ಞೆ ಬಂದು ಕೂತಿರುತ್ತದೆ. ಮುಗಿಯುವ ದಿನಗಳನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟವರನ್ನು ಆಮೇಲೆ ಯಾರೂ ಜೆರಾಕ್ಸಿಗೆ ಕಳಿಸುವುದಿಲ್ಲ.

ಲಿಖಿತ ಹೇಳಿಕೆಯ, ಅಂದರೆ ದಾವೆಗೆ ಪಾಲಿಕೆ ಕೋರ್ಟಿನಲ್ಲಿ ಕೊಡುವ ಲಿಖಿತ ಉತ್ತರದ ಕಥೆಯೂ ಇಂಥದ್ದೇ. ಸಮನ್ಸ್ ಜಾರಿಯಾದ 30 ದಿನದೊಳಗೆ ಸಲ್ಲಿಸಬೇಕು, ಕಾರಣ ಬರೆದು ಕೋರ್ಟು 90ರ ತನಕ ಬಿಡಬಹುದು. ವಕೀಲರು ತಡ ಮಾಡುವುದು ಕಡಿಮೆ. ಎಂಜಿನಿಯರ್ ಅಥವಾ ಕಂದಾಯ ವಿಭಾಗದಿಂದ ಪ್ಯಾರಾವಾರು ಉತ್ತರ ಬರುವುದೇ ತಡ. ಬಂದಾಗಲೂ 'ಅಲ್ಲಗಳೆಯಲಾಗಿದೆ' ಎಂಬ ಒಂದೇ ಪದ. ವಾದಪತ್ರದ ಪ್ರತಿ ಪ್ಯಾರಾಗೆ ಯಾವ ದಾಖಲೆ ಬೇಕೆಂದು ಪ್ರಶ್ನೆ ಬರೆದು ಕಳಿಸಿದರೆ ಉತ್ತರ ಬೇಗ ಬರುತ್ತದೆ, ಆ ಪ್ರಶ್ನೆಗಳನ್ನು ನೀವೇ ಬರೆಯಬಹುದು. ಜೊತೆಗೆ ದಾವೆಗೆ ಮುಂಚೆ ಅದೇ 1976ರ ಕಾಯ್ದೆಯ ಸೆಕ್ಷನ್ 482ರ 60 ದಿನದ ನೋಟಿಸನ್ನು ವಾದಿ ಪಾಲಿಕೆಗೆ ಕೊಡಬೇಕಿತ್ತೇ, ಕೊಟ್ಟಿದ್ದರೇ ನೋಡಿ. ಬೇಕೋ ಬೇಡವೋ ಎನ್ನುವುದು ಕೇಳಿರುವ ಪರಿಹಾರದ ಮೇಲೆ ನಿಂತಿದೆ.

ಕಡತದಲ್ಲಿ ಅಧಿಕಾರಿಗಳು ಅಭಿಪ್ರಾಯ ಬರೆಯುವ ಟಿಪ್ಪಣಿ ಹಾಳೆಯ ಫೋಟೋ ತೆಗೆಯಬೇಡಿ. ಅದರಲ್ಲಿ ಪಾಲಿಕೆ ತನ್ನ ದೌರ್ಬಲ್ಯವನ್ನು ತಾನೇ ಬರೆದುಕೊಂಡಿರುತ್ತದೆ. ಪಾಲಿಕೆಯ ವಿರುದ್ಧ ಕೇಸು ನಡೆಸುವ ವಕೀಲರ ಬಳಿ ಅದೇ ಹೊತ್ತಿಗೆ ಕೆಲಸ ಬೇಡ. ಗೌರವಧನದ ಆಸೆಯೂ ಬೇಡ.

ಇಂಟರ್ನ್‌ಶಿಪ್ ಡೈರಿಗೆ ವಾರಕ್ಕೊಮ್ಮೆ ಸಹಿ ಹಾಕಿಸಿ. ಪ್ರಮಾಣಪತ್ರ ಲೆಟರ್‌ಹೆಡ್‌ನಲ್ಲಿ, ಆರಂಭ ಮತ್ತು ಮುಕ್ತಾಯದ ದಿನಾಂಕ, ಪತ್ರಸಂಖ್ಯೆ, ಮೊಹರು ಸಹಿತ ಇರಲಿ. ಅದನ್ನು ಕೊನೆಯ ದಿನ ಕೇಳಬೇಡಿ: ಅವತ್ತೇ ಸಾಹೇಬರಿಗೆ ಮೀಟಿಂಗ್ ಇರುತ್ತದೆ.