ಅಡಿಪೋನ್ಯೂಟ್ರಿನ್: ಚೂರಾಗದ ಪ್ರೋಟೀನ್, ಕರಗದ ಕೊಬ್ಬು

ಲಿವರ್ ಜೀವಕೋಶದೊಳಗೆ ಕೊಬ್ಬು ಸಣ್ಣ ಹನಿಗಳಾಗಿ ಶೇಖರವಾಗುತ್ತದೆ. ಆ ಹನಿಗಳ ಮೈಗೆ ಅಂಟಿಕೊಂಡಿರುವ ಪ್ರೋಟೀನುಗಳಲ್ಲಿ ಒಂದು ಅಡಿಪೋನ್ಯೂಟ್ರಿನ್. ಜೀನಿನ ಹೆಸರು ಪಿಎನ್‌ಪಿಎಲ್‌ಎ3, ಪ್ರೋಟೀನಿನ ಉದ್ದ 481 ಅಮೈನೋ ಆಮ್ಲ. ಉಪವಾಸವಿದ್ದರೆ ಇದರ ಪ್ರಮಾಣ ಇಳಿಯುತ್ತದೆ, ಉಂಡರೆ ಏರುತ್ತದೆ. ಅನ್ನ, ಸಕ್ಕರೆ ಹೆಚ್ಚು ತಿಂದಾಗ ಏರುವ ಇನ್ಸುಲಿನ್, ಎಸ್‌ಆರ್‌ಇಬಿಪಿ-1ಸಿ ಎಂಬ ನಿಯಂತ್ರಕದ ಮೂಲಕ ಈ ಜೀನನ್ನು ಚುರುಕುಗೊಳಿಸುತ್ತದೆ.

ಮಾಮೂಲಿ ಪ್ರೋಟೀನು ಹೆಚ್ಚು ಹೊತ್ತು ಉಳಿಯುವುದಿಲ್ಲ. ಯುಬಿಕ್ವಿಟಿನ್ ಎಂಬ ಗುರುತು ಅಂಟಿಸಿಕೊಂಡು ಜೀವಕೋಶದಲ್ಲೇ ಚೂರಾಗುತ್ತದೆ. ಕೆಲವರಲ್ಲಿ 148ನೇ ಜಾಗದಲ್ಲಿ ಐಸೊಲ್ಯೂಸಿನ್ ಎಂಬ ಅಮೈನೋ ಆಮ್ಲದ ಬದಲು ಮಿಥಿಯೋನಿನ್ ಇರುತ್ತದೆ. ಈ ರೂಪಕ್ಕೂ ಫ್ಯಾಟಿ ಲಿವರಿಗೂ ಇರುವ ನಂಟು 2008ರಲ್ಲಿ ಅಮೆರಿಕದ ಡಲ್ಲಾಸ್ ಹಾರ್ಟ್ ಸ್ಟಡಿ ಎಂಬ ಅಧ್ಯಯನದಿಂದ ಗೊತ್ತಾಯಿತು. ಬದಲಾದ ಪ್ರೋಟೀನು ಚೂರಾಗುವುದರಿಂದ ತಪ್ಪಿಸಿಕೊಂಡು ಹನಿಗಳ ಮೇಲೆ ಜಮಾಯಿಸುತ್ತದೆ. ಅಷ್ಟೇ ಅಲ್ಲ, ಕೊಬ್ಬು ಕರಗಿಸುವ ಎಟಿಜಿಎಲ್ ಕಿಣ್ವಕ್ಕೆ ಬೇಕಾದ ಸಹಾಯಕ ಪ್ರೋಟೀನನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಕಿಣ್ವ ಇದ್ದೂ ಕೈಕಟ್ಟಿ ಕೂರಬೇಕಾಗುತ್ತದೆ.

ಹಾಗಾಗಿ 'ಜೀನ್ ಕೆಟ್ಟಿದೆ, ಅದಕ್ಕೇ ಪ್ರೋಟೀನ್ ಸಾಲುತ್ತಿಲ್ಲ' ಎಂಬ ವಿವರಣೆ ಇಲ್ಲಿ ತಲೆಕೆಳಗು. ಈ ಜೀನನ್ನೇ ತೆಗೆದುಹಾಕಿದ ಇಲಿಗಳಿಗೆ ಫ್ಯಾಟಿ ಲಿವರ್ ಬರಲಿಲ್ಲ. ಬದಲಾದ ರೂಪವನ್ನು ಸೇರಿಸಿದ ಇಲಿಗಳಿಗೂ ಮಾಮೂಲಿ ಆಹಾರದಲ್ಲಿ ಏನೂ ಆಗಲಿಲ್ಲ. ಸಕ್ಕರೆ ತುಂಬಿದ ಆಹಾರ ಕೊಟ್ಟಾಗ ಲಿವರಿನಲ್ಲಿ ಕೊಬ್ಬು ತುಂಬಿತು. ಪ್ರೋಟೀನು ತಯಾರಾಗುವ ವೇಗ ಊಟದ್ದು, ಅದು ಹೋಗದೆ ಉಳಿಯುವುದು ವಂಶದ್ದು.

ಈ ರೂಪ ಇದ್ದವರ ರಕ್ತದ ಸಕ್ಕರೆ, ಟ್ರೈಗ್ಲಿಸರೈಡ್ ಸರಿಯಾಗಿಯೇ ಇರಬಹುದು. ರಕ್ತಪರೀಕ್ಷೆಯಲ್ಲಿ ಎಎಲ್‌ಟಿ ಎಂಬ ಲಿವರ್ ಕಿಣ್ವ ನಾರ್ಮಲ್ ಬಂತೆಂದು ನಿಶ್ಚಿಂತರಾಗುವಂತಿಲ್ಲ. ತೆಳ್ಳಗಿರುವವರಲ್ಲೂ ಲಿವರಿನ ಕೊಬ್ಬು ಶೇ 5ನ್ನು ಮೀರಬಹುದು. ಮದ್ಯಪಾನವೂ ಸೇರಿದರೆ ಸಿರೋಸಿಸ್ (ಲಿವರ್ ಕಲೆಗಟ್ಟಿ ಗಡುಸಾಗುವುದು) ಅಪಾಯ ಇನ್ನೂ ಹೆಚ್ಚು. ಜೀನ್ ಪರೀಕ್ಷೆಗೆ ದುಡ್ಡು ಸುರಿಯುವ ಮೊದಲು ಲಿವರ್ ಎಷ್ಟು ಕಲೆಗಟ್ಟಿರಬಹುದು ಎಂದು ಅಂದಾಜಿಸುವ ಫಿಬ್-4 ಲೆಕ್ಕ ಹಾಕುವುದು ಮೇಲು: ವಯಸ್ಸನ್ನು ಎಎಸ್‌ಟಿಯಿಂದ (ಇದೂ ರಕ್ತಪರೀಕ್ಷೆಯಲ್ಲಿ ಅಳೆಯುವ ಕಿಣ್ವ) ಗುಣಿಸಿ, ಬಂದದ್ದನ್ನು ಎಎಲ್‌ಟಿಯ ವರ್ಗಮೂಲ ಮತ್ತು ಪ್ಲೇಟ್‌ಲೆಟ್ ಸಂಖ್ಯೆ ಇವೆರಡರ ಗುಣಲಬ್ಧದಿಂದ ಭಾಗಿಸಬೇಕು. ವಯಸ್ಸು 50, ಎಎಸ್‌ಟಿ 40, ಎಎಲ್‌ಟಿ 36, ಪ್ಲೇಟ್‌ಲೆಟ್ 2 ಲಕ್ಷ ಇದ್ದರೆ 2000ವನ್ನು 1200ರಿಂದ (200 × 6) ಭಾಗಿಸಿ 1.67. ಸಾಮಾನ್ಯವಾಗಿ 1.3 ದಾಟಿದರೆ ಲಿವರಿನ ಗಡಸುತನ ಅಳೆಯುವ ಫೈಬ್ರೋಸ್ಕ್ಯಾನ್ ಮಾಡಿಸುತ್ತಾರೆ. ಎಡವುವುದು ಪ್ಲೇಟ್‌ಲೆಟ್ಟಿನಲ್ಲಿ: ಲ್ಯಾಬ್ ರಿಪೋರ್ಟಿನಲ್ಲಿ 2 ಲಕ್ಷ ಎಂದಿದ್ದರೆ ಇಲ್ಲಿ ಹಾಕಬೇಕಾದದ್ದು 200.